ಹಕ್ಕಿ ಕಂಡ ಜಾಗಕ್ಕೆ ಯಾರ ನಕ್ಷೆ?

2024ರ ಜುಲೈನಲ್ಲಿ ಬೆಂಗಳೂರಿನ ಓಲಾ ಕಂಪನಿ ಗೂಗಲ್ ಮ್ಯಾಪ್ಸ್ ಬಿಟ್ಟು ತನ್ನದೇ ನಕ್ಷೆಗೆ ಬದಲಾಯಿತು. ಇದರಿಂದ ವರ್ಷಕ್ಕೆ 100 ಕೋಟಿ ರೂಪಾಯಿ ಖರ್ಚು ತಪ್ಪಿತು ಎಂದು ಅದರ ಮುಖ್ಯಸ್ಥ ಭವಿಶ್ ಅಗರ್‌ವಾಲ್ ಹೇಳಿದರು. ಅದೇ ತಿಂಗಳು ಗೂಗಲ್ ಒಂದು ಪ್ರಕಟಣೆ ಹೊರಡಿಸಿತು. ತಮ್ಮ ಆ್ಯಪ್, ಜಾಲತಾಣಗಳಲ್ಲಿ ಗೂಗಲ್ ನಕ್ಷೆ ತೋರಿಸುವವರು ಕೊಡಬೇಕಾದ ದರವನ್ನು ಭಾರತದಲ್ಲಿ ಆಗಸ್ಟ್ 1ರಿಂದ ಶೇ 70ರವರೆಗೆ ಇಳಿಸುವುದಾಗಿ ತಿಳಿಸಿತು. 2025ರ ಮಾರ್ಚ್‌ನಲ್ಲಿ ಉಚಿತ ಬಳಕೆಯ ಲೆಕ್ಕವೇ ಬದಲಾಯಿತು. ತಿಂಗಳಿಗೆ ಒಟ್ಟಾರೆ 200 ಡಾಲರ್ ಮನ್ನಾ ಮಾಡುತ್ತಿದ್ದ ಪದ್ಧತಿ ಹೋಯಿತು. ಒಂದೊಂದು ಸೇವೆಗೂ ಬೇರೆ ಬೇರೆ ಉಚಿತ ಮಿತಿ ಬಂತು.

ಇದು ಟ್ಯಾಕ್ಸಿ ಮತ್ತು ಡೆಲಿವರಿ ಕಂಪನಿಗಳ ವಿಷಯ, ನಮಗೇನು ಅನ್ನಿಸಬಹುದು. ಆದರೆ ಹಕ್ಕಿ, ಚಿಟ್ಟೆ, ಕಪ್ಪೆ, ಮರಗಳನ್ನು ಗುರುತಿಸಿ ಇ-ಬರ್ಡ್, ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ಕಡೆ ದಾಖಲಿಸುವವರನ್ನೂ ಇದೇ ಪ್ರಶ್ನೆ ಕಾಡುತ್ತಿದೆ: ಗೂಗಲ್ ನಕ್ಷೆ ಬಳಸಬೇಕೋ, ಜನರೇ ಸೇರಿ ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯನ್ನೋ? "ಗೂಗಲ್ ಹೇಗೂ ಅಗ್ಗ ಆಯ್ತಲ್ಲ, ಇನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಯಾಕೆ?" ಎನ್ನುವವರಿದ್ದಾರೆ. "ಓಪನ್ ಅಂದ್ರೆ ಎಲ್ಲ ಪುಕ್ಕಟೆ, ಅದನ್ನೇ ಹಾಕಿ" ಎನ್ನುವವರೂ ಇದ್ದಾರೆ. ಎರಡು ಮಾತಿನಲ್ಲೂ ಅರ್ಧ ಮಾತ್ರ ಸರಿ. ಯಾಕೆ ಎನ್ನುವುದನ್ನು ನಿಧಾನವಾಗಿ ಬಿಡಿಸಿ ನೋಡಬೇಕು.

ಬಿಡಿಸಿ ನೋಡಬೇಕಾದ ಮೂರು ಪದರ

ಫೋನಿನಲ್ಲಿ ನಕ್ಷೆ ತೆರೆದಾಗ ಕಣ್ಣಿಗೆ ಒಂದೇ ಚಿತ್ರ ಕಾಣುತ್ತದೆ. ನಿಜಕ್ಕೂ ಅಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ.

ಎಲ್ಲಕ್ಕಿಂತ ಕೆಳಗೆ ಇರುವುದು ಮಾಹಿತಿ. ಈ ರಸ್ತೆ ಇಲ್ಲಿ ತಿರುಗುತ್ತದೆ, ಈ ಕೆರೆಯ ಅಂಚು ಇಲ್ಲಿದೆ, ಈ ಊರಿನ ಹೆಸರು ಇದು ಎನ್ನುವ ವಿವರ. ಅದರ ಮೇಲೆ ಚಿತ್ರ. ಮಾಹಿತಿಗೆ ಬಣ್ಣ ಹಚ್ಚಿ, ಚೌಕ ಚೌಕ ತುಂಡು ಮಾಡಿ ನಮ್ಮ ಫೋನಿಗೆ ಕಳಿಸುತ್ತಾರೆ. ಈ ತುಂಡುಗಳನ್ನು ಟೈಲ್ ಎನ್ನುತ್ತಾರೆ. ಮೂರನೆಯದು ನಾವು ಇಡುವ ಚುಕ್ಕೆ, ಅಂದರೆ ಒಂದು ಅಕ್ಷಾಂಶ, ಒಂದು ರೇಖಾಂಶ. ಚುಕ್ಕೆಯ ಕೆಳಗಿರುವ ಎರಡನ್ನೂ ಸೇರಿಸಿ ಬೇಸ್ ಮ್ಯಾಪ್ ಎನ್ನುವುದು ರೂಢಿ.

ಗೂಗಲ್‌ನಲ್ಲಿ ಮಾಹಿತಿ ಮತ್ತು ಚಿತ್ರ ಎರಡೂ ಒಂದೇ ಕಂಪನಿಯ ಕೈಯಲ್ಲಿವೆ. ಓಪನ್‌ಸ್ಟ್ರೀಟ್‌ಮ್ಯಾಪ್ ಹಾಗಲ್ಲ. 2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಶುರು ಮಾಡಿದ ಈ ಕೆಲಸದಲ್ಲಿ ಮುಖ್ಯವಾದದ್ದು ಮಾಹಿತಿ. ಊರೂರಿನ ಜನ ಸೇರಿಸಿದ ಈ ಮಾಹಿತಿಯನ್ನು ಯಾರು ಬೇಕಾದರೂ ಇಳಿಸಿಕೊಂಡು, ತಮಗೆ ಬೇಕಾದ ಬಣ್ಣದಲ್ಲಿ ಚಿತ್ರ ಮಾಡಿಕೊಳ್ಳಬಹುದು. ಅಂಗಡಿ ಬದಲಾದರೂ ಅಕ್ಕಿ ಅದೇ ಇರುತ್ತದೆ. ಈ ಒಂದು ವ್ಯತ್ಯಾಸದಿಂದಲೇ ಮುಂದಿನ ಹೆಚ್ಚಿನ ವಾದಗಳು ಹುಟ್ಟುತ್ತವೆ.

ಚುಕ್ಕೆ ಎಲ್ಲಿ ಬೀಳುತ್ತದೆ

"ಜಿಪಿಎಸ್ ಇದೆಯಲ್ಲ, ಕೆಳಗೆ ಯಾವ ನಕ್ಷೆ ಇದ್ದರೇನು?" ಇದು ನ್ಯಾಯವಾದ ಪ್ರಶ್ನೆ. ಫೋನಿನ ಜಿಪಿಎಸ್ ಬಯಲಲ್ಲಿ ಸುಮಾರು 5 ಮೀಟರ್ ಒಳಗೆ ಜಾಗ ಹೇಳುತ್ತದೆ. ಆಗ ಬೇಸ್ ಮ್ಯಾಪ್ ಬರೀ ಹಿನ್ನೆಲೆ. ಅದು ತಪ್ಪಿದ್ದರೂ ಅಕ್ಷಾಂಶ-ರೇಖಾಂಶ ತಪ್ಪುವುದಿಲ್ಲ.

ಆದರೆ ಎಲ್ಲ ದಾಖಲೆಗಳೂ ಹೀಗೆ ಬರುವುದಿಲ್ಲ. ಹಕ್ಕಿಗಳ ಚಿತ್ರ ತೆಗೆಯುವವರ ಕ್ಯಾಮೆರಾಗಳಲ್ಲಿ ಎಷ್ಟಕ್ಕೋ ಜಿಪಿಎಸ್ ಇರುವುದಿಲ್ಲ. ಫೋನಿನಲ್ಲಿ ತೆಗೆದರೂ ದಾಖಲಾಗುವುದು ತೆಗೆದವರು ನಿಂತ ಜಾಗವೇ ಹೊರತು ಹಕ್ಕಿ ಕೂತ ಜಾಗವಲ್ಲ. ದಟ್ಟ ಕಾಡಿನಲ್ಲಿ, ಕಣಿವೆಯಲ್ಲಿ ಸಿಗ್ನಲ್ ಮಂಕಾಗಿ ಹತ್ತಾರು ಮೀಟರ್ ಆಚೀಚೆ ಆಗುತ್ತದೆ. ಸಂಜೆ ಮನೆಗೆ ಬಂದು ಚಿತ್ರಗಳನ್ನು ಏರಿಸುವಾಗ ನಕ್ಷೆ ನೋಡಿ ನೆನಪಿನಿಂದ ಪಿನ್ ಇಡುವವರು ಬಹಳ. ಆಗ ಬೇಸ್ ಮ್ಯಾಪ್ ಹಿನ್ನೆಲೆಯಾಗಿ ಉಳಿಯುವುದಿಲ್ಲ. ಪಿನ್ ಎಲ್ಲಿ ಇಡಬೇಕು ಎಂದು ಅದೇ ಹೇಳಿಕೊಡುತ್ತದೆ.

ಉತ್ತರ ಕನ್ನಡದ ಕತ್ತಲೆಕಾನನ್ನು ತೆಗೆದುಕೊಳ್ಳಿ. ಅಲ್ಲಿ ರಾಮಪತ್ರೆ ಜಡ್ಡಿಗಳಿವೆ. ಸಿಹಿನೀರಿನ ಜೌಗಿನಲ್ಲಿ, ಕೆಸರಿನಿಂದ ಮಂಡಿಯೆತ್ತಿದಂಥ ಬೇರುಗಳ ಮರಗಳು ಬೆಳೆದ ಬಹಳ ಹಳೆಯ ಕಾಡು ಅದು. ತನ್ನ ಮೊಟ್ಟೆಗಳಿಗೆ ಕೆಸರು ಮೆತ್ತುವ ಕುಂಬಾರ ಕಪ್ಪೆಯನ್ನು 2014ರಲ್ಲಿ ವಿಜ್ಞಾನಿಗಳು ಹೊಸ ಪ್ರಭೇದವೆಂದು ವಿವರಿಸಿದ್ದು ಇದೇ ಸೀಮೆಯಿಂದ. ಇಂಥ ಕಪ್ಪೆಗೆ ಬೇಕಾದದ್ದು ಕಾಡಿನೊಳಗಿನ ಸಣ್ಣ ಹಳ್ಳ. ಹಳ್ಳದಿಂದ ಸ್ವಲ್ಪ ದೂರ ಹೋದರೆ ನೆಲವೇ ಬೇರೆ, ತೇವವೇ ಬೇರೆ.

ಈಗ ರಸ್ತೆಗೆಂದೇ ಮಾಡಿದ ನಕ್ಷೆಯಲ್ಲಿ ಈ ಜಾಗ ಹುಡುಕಿ. ರಸ್ತೆ ದಪ್ಪಗೆ ಕಾಣುತ್ತದೆ, ಹೋಟೆಲು ಕಾಣುತ್ತದೆ, ಜಲಪಾತದ ಪಾಯಿಂಟ್ ಕಾಣುತ್ತದೆ. ಉಳಿದದ್ದು ಬರೀ ಹಸಿರು. ನೆನಪಿನಿಂದ ಪಿನ್ ಇಡುವವರ ಬೆರಳು ಸಹಜವಾಗಿಯೇ ಹೆಸರಿರುವ ಕಡೆಗೆ, ರಸ್ತೆಯ ತಿರುವಿನ ಕಡೆಗೆ ಹೋಗುತ್ತದೆ. ಹೀಗೆ ನೂರು ಜನ ಮಾಡಿದರೆ ಕಪ್ಪೆಗಳೆಲ್ಲ ರಸ್ತೆ ಬದಿಯಲ್ಲೇ ಇದ್ದಂತೆ ದಾಖಲಾಗುತ್ತದೆ. ಈ ಚುಕ್ಕೆಗಳನ್ನು ಇಟ್ಟುಕೊಂಡು ಪ್ರಭೇದದ ಹರವನ್ನು ಲೆಕ್ಕ ಹಾಕುವ ಕಂಪ್ಯೂಟರ್, ಹಳ್ಳವನ್ನು ಬಿಟ್ಟು ರಸ್ತೆ ಬದಿಯನ್ನೇ ಕಪ್ಪೆಯ ನೆಲೆ ಎಂದು ಓದಿಕೊಳ್ಳಬಹುದು. ನಾಳೆ ಆ ರಸ್ತೆ ಅಗಲ ಮಾಡುವ ಯೋಜನೆ ಬಂದಾಗ ಇದೇ ದಾಖಲೆಗಳನ್ನು ಮೇಜಿನ ಮೇಲೆ ಇಡುತ್ತಾರೆ, ಅಲ್ವಾ?

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹಳ್ಳ, ಕಾಲುದಾರಿ, ಜೌಗು, ಬಂಡೆ ಎಲ್ಲಕ್ಕೂ ಜಾಗವಿದೆ. ಆ ಮಾಹಿತಿಗೆ ಎತ್ತರದ ಗೆರೆಗಳನ್ನೂ ಸೇರಿಸಿ ತೋರಿಸುವ ಓಪನ್‌ಟೊಪೊಮ್ಯಾಪ್‌ನಂಥ ಚಿತ್ರಗಳಿವೆ. ಘಟ್ಟದಲ್ಲಿ "ಎರಡನೇ ಹಳ್ಳ ದಾಟಿ, ಏರು ಶುರುವಾಗುವ ಕಡೆ" ಎಂದು ನೆನಪಿರುವವರಿಗೆ ಇದು ದೊಡ್ಡ ಆಸರೆ. ಆದರೆ ಯಾರಾದರೂ ನಡೆದು ಬಂದು ಗೆರೆ ಎಳೆದಿದ್ದರೆ ಮಾತ್ರ ಹಳ್ಳ ಅಲ್ಲಿರುತ್ತದೆ. ಯಾರೂ ಕೈ ಹಾಕದ ಕಾಡು ಮುಕ್ತ ನಕ್ಷೆಯಲ್ಲೂ ಖಾಲಿಯೇ. ಇದನ್ನು ಮುಚ್ಚಿಡಬಾರದು.

ಸಣ್ಣ ತಪ್ಪಿಗೂ ಬೆಲೆ ಇದೆ. 2015ರಿಂದ 2020ರವರೆಗೆ ನಡೆದ ಕೇರಳದ ಹಕ್ಕಿ ಅಟ್ಲಾಸ್‌ನಲ್ಲಿ ಸ್ವಯಂಸೇವಕರು 1.1 ಕಿಲೋಮೀಟರ್ ಚೌಕಗಳಲ್ಲಿ ನಡೆದು ಎಣಿಸಿದರು. ಇಂಥ ಚೌಕದಲ್ಲಿ ಪಿನ್ 600 ಮೀಟರ್ ಸರಿದರೆ ಸಾಕು, ಚೌಕದ ನಟ್ಟನಡುವೆ ಕಂಡ ಹಕ್ಕಿಯೂ ಪಕ್ಕದ ಚೌಕಕ್ಕೆ ಸೇರಿಬಿಡಬಹುದು.

ಕಂಪನಿ ನಕ್ಷೆಯ ಬಲ

ಗೂಗಲ್, ಆ್ಯಪಲ್‌ಗಳ ಪರವಾಗಿ ಹೇಳಲು ಗಟ್ಟಿ ಕಾರಣಗಳೇ ಇವೆ. ಐನ್ಯಾಚುರಲಿಸ್ಟ್ ಜಾಲತಾಣ ಬಹುಕಾಲ ಗೂಗಲ್ ನಕ್ಷೆಯನ್ನೇ ಮುಖ್ಯವಾಗಿ ನೆಚ್ಚಿಕೊಂಡಿದ್ದು ಸುಮ್ನೆ ಅಲ್ಲ.

ಮೊದಲ ಕಾರಣ ಉಪಗ್ರಹ ಚಿತ್ರ. ಕಂಪನಿ ನಕ್ಷೆಗಳಲ್ಲಿ ಎಷ್ಟೋ ಕಡೆ ಒಂದೊಂದೇ ಮರದ ನೆತ್ತಿ ಬೇರೆ ಬೇರೆಯಾಗಿ ಕಾಣುತ್ತದೆ. ಕೆರೆ ಏರಿ, ಹೊಲದ ಬದು, ಒಂಟಿ ಆಲದ ಮರ ಗುರುತಿಸಿ ಪಿನ್ ಇಡಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ತನ್ನದೇ ಉಪಗ್ರಹ ಚಿತ್ರವಿಲ್ಲ. ಎಲ್ಲರಿಗೂ ಮುಕ್ತವಾಗಿ ಸಿಗುವ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್. ಕೆರೆ ತುಂಬಿದೆಯೋ ಬತ್ತಿದೆಯೋ ಅದರಲ್ಲಿ ಚೆನ್ನಾಗಿ ತಿಳಿಯುತ್ತದೆ, ಮರ ತಿಳಿಯುವುದಿಲ್ಲ. ಬಯಲುಸೀಮೆಯ ಕುರುಚಲು ಕಾಡು, ಹುಲ್ಲುಗಾವಲು, ಊರ ಕೆರೆಗಳಲ್ಲಿ ಓಡಾಡುವವರಿಗೆ ಕಂಪನಿಯ ಚಿತ್ರ ನಿಜಕ್ಕೂ ಉಪಕಾರಿ. ರಾಮಪತ್ರೆ ಜಡ್ಡಿಯ ಮಾತು ಬೇರೆ. ಅಲ್ಲಿ ಹಳ್ಳ ಮರಗಳ ಕೆಳಗೆ ಮುಚ್ಚಿಹೋಗಿರುತ್ತದೆ, ಎಷ್ಟು ಸ್ಪಷ್ಟ ಉಪಗ್ರಹ ಚಿತ್ರಕ್ಕೂ ಸಿಗುವುದಿಲ್ಲ.

ಎರಡನೆಯದು ಹುಡುಕಾಟ. ಸಣ್ಣ ಊರಿನ ಹೆಸರು ಹೇಗೆ ಬರೆದರೂ ಗೂಗಲ್ ಹುಡುಕಿ ಕೊಡುತ್ತದೆ. ಹೊಸಬರು ನಕ್ಷೆಯ ಜೊತೆ ಗುದ್ದಾಡದೆ ದಾಖಲೆ ಹಾಕಲು ಇದು ಮುಖ್ಯ. ಮೊದಲ ದಿನವೇ ತೊಡಕಾದರೆ ಅವರು ಎರಡನೇ ದಿನ ಬರುವುದಿಲ್ಲ.

ಮುಕ್ತ ನಕ್ಷೆಯನ್ನು ಯಾರು ಬೇಕಾದರೂ ಕೆಡಿಸಬಹುದು ಎನ್ನುವ ಆತಂಕವೂ ಇದೆ. ಊರಲ್ಲಿ ಓಡಾಡುತ್ತ ಫೋನಿನಲ್ಲಿ ಆಡುವ ಪೋಕೆಮಾನ್ ಗೋ ಆಟ 2017ರ ಕೊನೆಯಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಬದಲಾದಾಗ, ಆಟದಲ್ಲಿ ಲಾಭ ಆಗಲೆಂದು ಕೆಲವರು ಇಲ್ಲದ ಪಾರ್ಕುಗಳನ್ನು ನಕ್ಷೆಗೆ ಸೇರಿಸಿದ್ದರು. ಇಂಥದ್ದನ್ನು ಹುಡುಕಿ ಅಳಿಸುವವರೂ ಸ್ವಯಂಸೇವಕರೇ. ಅವರು ಜಾಸ್ತಿ ಇರುವ ಊರಲ್ಲಿ ತಪ್ಪು ಬೇಗ ಹೋಗುತ್ತದೆ. ಇಲ್ಲದ ಕಡೆ ಉಳಿಯುತ್ತದೆ.

ಷರತ್ತಿನ ಸಣ್ಣ ಅಕ್ಷರಗಳು

ಗೂಗಲ್ ತನ್ನ ನಕ್ಷೆ ಸೇವೆ ಬಳಸುವವರಿಗೆ ಹಾಕುವ ಷರತ್ತುಗಳಲ್ಲಿ ಒಂದು ಹೀಗಿದೆ: ಅದರ ನಕ್ಷೆ ನೋಡಿ ಹೊಸ ನಕ್ಷೆ ಮಾಹಿತಿ ತಯಾರಿಸುವಂತಿಲ್ಲ. ಅದರ ಉಪಗ್ರಹ ಚಿತ್ರದ ಮೇಲೆ ರಸ್ತೆ, ಕಟ್ಟಡಗಳ ಗೆರೆ ಎಳೆದು ತೆಗೆದುಕೊಳ್ಳುವುದು ನಿಷಿದ್ಧ ಎಂದು ಉದಾಹರಣೆ ಸಮೇತ ಬರೆದಿದ್ದಾರೆ. ಒಂದು ಹಕ್ಕಿಗೆ ಒಂದು ಪಿನ್ ಇಡುವುದು ಈ ಮಾತಿನ ಗುರಿಯಲ್ಲ. ಆದರೆ ಕೊಡಗಿನ ದೇವರಕಾಡಿನ ಅಂಚನ್ನೋ, ಜಡ್ಡಿಯ ಹರವನ್ನೋ, ಕೆರೆಯ ಗಡಿಯನ್ನೋ ಆ ಚಿತ್ರದ ಮೇಲೆ ಎಳೆದು "ಇದು ನಮ್ಮ ಮುಕ್ತ ಮಾಹಿತಿ" ಎಂದು ಹಂಚಿದರೆ ತೊಡಕು ಶುರುವಾಗುತ್ತದೆ. ಪ್ರಕೃತಿ ದಾಖಲೆ ಚುಕ್ಕೆಯಿಂದ ಶುರುವಾಗಿ ಬೇಗ ಗೆರೆ ಮತ್ತು ಹರವಿನ ಕಡೆಗೆ ಬೆಳೆಯುತ್ತದೆ. ಅದಕ್ಕೇ ಈ ಷರತ್ತು ಮುಖ್ಯ.

ಊರಿನ ಹೆಸರು ಕೊಟ್ಟು ಗೂಗಲ್‌ನಿಂದ ಪಡೆದ ಅಕ್ಷಾಂಶ-ರೇಖಾಂಶವನ್ನು 30 ದಿನಕ್ಕಿಂತ ಹೆಚ್ಚು ಕೂಡಿಟ್ಟುಕೊಳ್ಳುವಂತಿಲ್ಲ ಎನ್ನುವ ಷರತ್ತೂ ಇದೆ. ಪ್ರಕೃತಿ ದಾಖಲೆಯ ಬೆಲೆ ಇರುವುದೇ 30 ವರ್ಷದ ನಂತರ ತೆಗೆದು ನೋಡುವುದರಲ್ಲಿ. ಹಳೆಯ ನೋಟ್‌ಬುಕ್‌ಗಳಲ್ಲಿರುವ ಊರ ಹೆಸರುಗಳಿಗೆ ಸಾವಿರಗಟ್ಟಲೆ ಚುಕ್ಕೆ ಹುಡುಕುವ ಕೆಲಸಕ್ಕೆ ಕೈ ಹಾಕುವ ಸಂಸ್ಥೆ ಇದನ್ನು ಮೊದಲೇ ಓದಿರಬೇಕು.

ಓಪನ್‌ಸ್ಟ್ರೀಟ್‌ಮ್ಯಾಪ್‌ಗೂ ಷರತ್ತಿದೆ. 2012ರಿಂದ ಅದರ ಮಾಹಿತಿ ಓಡಿಬಿಎಲ್ ಎಂಬ ಪರವಾನಗಿಯಲ್ಲಿದೆ. ಹೆಸರು ಹೇಳಿ ಬಳಸಬೇಕು. ಆ ಮಾಹಿತಿಯನ್ನೇ ತಿದ್ದಿ ಬೆಳೆಸಿ ಹೊರಗೆ ಹಂಚಿದರೆ, ಅದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. "ಹಾಗಾದರೆ ನಮ್ಮ ಹಕ್ಕಿ ದಾಖಲೆಗಳೆಲ್ಲ ಓಡಿಬಿಎಲ್ ಆಗಿಬಿಡುತ್ತವೆಯೇ?" ಎಂದು ಹಲವರು ಹೆದರುತ್ತಾರೆ. ಇಲ್ಲ. ನಕ್ಷೆಯ ಮೇಲೆ ಬೇರೆ ಪದರವಾಗಿ ಚುಕ್ಕೆ ತೋರಿಸಿದರೆ ಆ ಚುಕ್ಕೆಗಳು ನಿಮ್ಮವೇ. ಹೆಸರು ಕೊಟ್ಟು ಜಾಗ ಹುಡುಕಿದ ಫಲಿತಾಂಶವನ್ನು ಇಟ್ಟುಕೊಳ್ಳಬಹುದು ಎಂದು ಓಪನ್‌ಸ್ಟ್ರೀಟ್‌ಮ್ಯಾಪ್ ಫೌಂಡೇಶನ್ ಮಾರ್ಗಸೂಚಿಯಲ್ಲೇ ಹೇಳಿದೆ. ಅವನ್ನೆಲ್ಲ ಕೂಡಿಸಿ ಮತ್ತೊಂದು ನಕ್ಷೆ ಕೋಶ ಕಟ್ಟಬಾರದು, ಅಷ್ಟೆ.

ಮುಕ್ತ ಅಂದರೆ ಪುಕ್ಕಟೆ ಅಲ್ಲ

ಬೆಲೆಯ ಇತಿಹಾಸ ಗೊತ್ತಿದ್ದರೆ ಈಗಿನ ದರ ಇಳಿಕೆಯನ್ನು ಸರಿಯಾಗಿ ತೂಗಬಹುದು. 2018ರ ಜುಲೈವರೆಗೆ ಜಾಲತಾಣವೊಂದು ಗೂಗಲ್ ನಕ್ಷೆಯನ್ನು ದಿನಕ್ಕೆ 25,000 ಸಲ ಉಚಿತವಾಗಿ ತೆರೆಯಬಹುದಿತ್ತು. ಆಮೇಲೆ ಸಾವಿರಕ್ಕೆ 7 ಡಾಲರ್ ದರ, ತಿಂಗಳಿಗೆ 200 ಡಾಲರ್ ಮನ್ನಾ. ಅಂದರೆ ತಿಂಗಳಿಗೆ ಸುಮಾರು 28,000 ಸಲ. ದಿನದ ಪಾಲು ಹೆಚ್ಚುಕಮ್ಮಿ ತಿಂಗಳ ಪಾಲಾಯಿತು. ಪ್ರಕೃತಿ ಜಾಲತಾಣಗಳಿಗೆ ಇದರ ಬಿಸಿ ಬೇಗ ತಟ್ಟುತ್ತದೆ. ಅಲ್ಲಿ ಒಂದೊಂದು ದಾಖಲೆಯ ಪುಟ ತೆರೆದಾಗಲೂ ಒಂದು ನಕ್ಷೆ ತೆರೆಯಬೇಕಲ್ಲ. 2024ರಲ್ಲಿ ಭಾರತಕ್ಕೆ ದರ ಇಳಿದದ್ದು ಒಳ್ಳೆಯದೇ. ಆದರೆ ಏರಿಸಿದ್ದೂ ಇಳಿಸಿದ್ದೂ ಒಂದೇ ಕೈ. ಬಳಸುವವರಿಗೆ ಅದರಲ್ಲಿ ಮಾತಿಲ್ಲ.

ಹಾಗೆಂದು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹೋದ ಕೂಡಲೇ ಖರ್ಚು ಮಾಯವಾಗುವುದಿಲ್ಲ. ಅದರ ಮಾಹಿತಿ ಉಚಿತ, ಟೈಲ್ ಕಳಿಸುವ ಸರ್ವರ್ ಉಚಿತ ಅಲ್ಲ. ಫೌಂಡೇಶನ್‌ನ ಸರ್ವರ್‌ಗಳು ದೇಣಿಗೆಯಿಂದ ನಡೆಯುತ್ತವೆ. ಭಾರಿ ಬಳಕೆ ಮಾಡಬೇಡಿ, ರಾಶಿಗಟ್ಟಲೆ ಇಳಿಸಿಕೊಳ್ಳಬೇಡಿ ಎಂದು ಅವರ ನಿಯಮವೇ ಹೇಳುತ್ತದೆ. ಸ್ಟೇಮೆನ್ ಎಂಬ ವಿನ್ಯಾಸ ಸಂಸ್ಥೆ ಸುಂದರವಾದ ಟೈಲ್‌ಗಳನ್ನು ವರ್ಷಗಟ್ಟಲೆ ಉಚಿತವಾಗಿ ಕೊಟ್ಟಿತು. 2023ರ ಅಕ್ಟೋಬರ್ ಕೊನೆಗೆ ಆ ಕೆಲಸವನ್ನು ಬೇರೊಂದು ಕಂಪನಿಗೆ ವಹಿಸಿತು. ಹಳೆಯ ವಿಳಾಸ ನೆಚ್ಚಿಕೊಂಡಿದ್ದವರು ಬದಲಾಯಿಸಿಕೊಳ್ಳಬೇಕಾಯಿತು.

ತಂತ್ರಾಂಶದ ವಿಷಯದಲ್ಲೂ ಇಂಥದ್ದೇ ಒಂದು ಘಟನೆ ನಡೆದಿದೆ. ಮ್ಯಾಪ್‌ಬಾಕ್ಸ್ ಕಂಪನಿ ಮುಕ್ತವಾಗಿದ್ದ ತನ್ನ ನಕ್ಷೆ ತಂತ್ರಾಂಶವನ್ನು 2020ರ ಡಿಸೆಂಬರ್‌ನಲ್ಲಿ ಮುಚ್ಚಿದ ಪರವಾನಗಿಗೆ ಬದಲಾಯಿಸಿತು. ಆಗ ಹಿಂದಿನ ಮುಕ್ತ ಆವೃತ್ತಿಯನ್ನೇ ಎತ್ತಿಕೊಂಡು ಬೇರೆಯವರು ಮ್ಯಾಪ್‌ಲಿಬ್ರೆ ಎಂಬ ಹೆಸರಲ್ಲಿ ಮುಂದುವರಿಸಿದರು. ಯಾರ ಕೆಲಸವೂ ನಿಲ್ಲಲಿಲ್ಲ. ಗೂಗಲ್‌ನ ಮ್ಯಾಪ್ ಮೇಕರ್ 2017ರಲ್ಲಿ ಮುಚ್ಚಿದಾಗ ಹೀಗೆ ಎತ್ತಿಕೊಂಡು ನಡೆಯುವ ದಾರಿ ಇರಲಿಲ್ಲ. ನಮ್ಮ ದೇಶದ ಎಷ್ಟೋ ಹಳ್ಳಿ ರಸ್ತೆಗಳನ್ನು ಅದರಲ್ಲಿ ಜನರೇ ಸೇರಿಸಿದ್ದರು. ಸೇರಿಸಿದವರ ಶ್ರಮ ಕಂಪನಿಯ ನಕ್ಷೆಯಲ್ಲಿ ಉಳಿಯಿತು, ಸೇರಿಸಿದವರ ಕೈಗೆ ಬರಲಿಲ್ಲ. ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ದೀರ್ಘಕಾಲದ ಕೆಲಸಕ್ಕೆ ಮುಕ್ತ ಮಾಹಿತಿಯೇ ತಳಪಾಯ ಆಗಬೇಕು ಎನ್ನುವುದು ನನಗೆ ಸ್ಪಷ್ಟ.

ಗಡಿ, ಗೌಪ್ಯ, ಹಳೆಯ ಹಾಳೆಗಳು

ನಮ್ಮ ದೇಶಕ್ಕೆ ವಿಶೇಷವಾದ ತೊಡಕು ಗಡಿಯದು. ಸರ್ಕಾರದ ನಕ್ಷೆ ಇಲಾಖೆಯಾದ ಸರ್ವೆ ಆಫ್ ಇಂಡಿಯಾ ಒಪ್ಪಿದ ಗಡಿಗೆ ಹೊಂದದ ಭಾರತದ ನಕ್ಷೆ ಪ್ರಕಟಿಸಿದರೆ 1961ರ ಕಾನೂನಿನ ಪ್ರಕಾರ ಆರು ತಿಂಗಳವರೆಗೆ ಶಿಕ್ಷೆ ಆಗಬಹುದು. ಗೂಗಲ್ ಭಾರತದಲ್ಲಿ ನೋಡುವವರಿಗೆ ಭಾರತದ ಗಡಿಯನ್ನೇ ತೋರಿಸುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸಾಮಾನ್ಯ ಚಿತ್ರ ನೆಲದ ಮೇಲೆ ಯಾರ ಹಿಡಿತವಿದೆಯೋ ಆ ಗೆರೆಯನ್ನು ತೋರಿಸುತ್ತದೆ. ಹಾಗಾಗಿ ಇಲ್ಲಿನ ಸಂಸ್ಥೆಯೊಂದು ಆ ಚಿತ್ರವನ್ನು ಇದ್ದ ಹಾಗೇ ಹಾಕಿಕೊಳ್ಳುವುದು ಅಪಾಯ. ಮಾಹಿತಿ ಮುಕ್ತವಾಗಿರುವುದರಿಂದ ಸರಿಯಾದ ಗಡಿಯೊಂದಿಗೆ ತಮ್ಮದೇ ಚಿತ್ರ ಮಾಡಿಕೊಳ್ಳಬಹುದು. ಆದರೆ ಅದೂ ಒಂದು ಕೆಲಸವೇ, ಮಾಡುವವರು ಬೇಕು.

ಇನ್ನೊಂದು ವಿಷಯದ ಬಗ್ಗೆ ಮಾತು ಕಡಿಮೆ. ಅಪರೂಪದ ಪ್ರಭೇದಗಳ ನಿಖರ ಜಾಗವನ್ನು ಐನ್ಯಾಚುರಲಿಸ್ಟ್ ಸಾರ್ವಜನಿಕರಿಂದ ಮರೆಮಾಡುತ್ತದೆ. 0.2 ಡಿಗ್ರಿ ಚೌಕದಲ್ಲಿ, ಅಂದರೆ ಸುಮಾರು 22 ಕಿಲೋಮೀಟರ್ ಉದ್ದಗಲದಲ್ಲಿ, ಎಲ್ಲೋ ಒಂದು ಕಡೆ ಚುಕ್ಕೆ ತೋರಿಸುತ್ತದೆ. ಆದರೆ ದಾಖಲಿಸುವವರು ನಿಜವಾದ ಜಾಗವನ್ನು ಹಿಗ್ಗಿಸಿ ನೋಡುವಾಗ ಆ ಜಾಗದ ಟೈಲ್‌ಗಳನ್ನು ನಕ್ಷೆ ಕಂಪನಿಯ ಸರ್ವರ್‌ನಿಂದಲೇ ಕೇಳಿ ಪಡೆಯಬೇಕು. ಯಾವ ಮೂಲೆಯನ್ನು ನೋಡುತ್ತಿದ್ದಾರೆ ಎನ್ನುವುದು ಆ ಸರ್ವರ್‌ಗೆ ತಿಳಿಯುತ್ತದೆ. ಬೇಟೆಗಾರರಿಗೆ ಇದರಿಂದ ದಾರಿ ಸಿಕ್ಕಿಬಿಡುತ್ತದೆ ಎಂದೇನಲ್ಲ. ಆದರೂ ಸೂಕ್ಷ್ಮ ಪ್ರಭೇದಗಳ ಮೇಲೆ ಕೆಲಸ ಮಾಡುವ ತಂಡಗಳು ತಮ್ಮದೇ ಸರ್ವರ್‌ನಿಂದ ಟೈಲ್ ಕೊಡುವುದನ್ನು ಯೋಚಿಸಲು ಇದೊಂದು ಕಾರಣ.

ಸರ್ವೆ ಆಫ್ ಇಂಡಿಯಾದ ಹಳೆಯ ಕಾಗದದ ನಕ್ಷೆಗಳಾದ ಟೋಪೋಶೀಟ್‌ಗಳಿಂದ ಜಾಗ ತೆಗೆಯುವವರು ಇನ್ನೊಂದನ್ನು ನೆನಪಿಡಬೇಕು. ಅವು ಭೂಮಿಯ ಆಕಾರವನ್ನು ಲೆಕ್ಕ ಹಾಕುವ ಎವರೆಸ್ಟ್ ಎಂಬ ಹಳೆಯ ಅಳತೆಯ ಮೇಲೆ ನಿಂತಿವೆ, ಜಿಪಿಎಸ್ ಡಬ್ಲ್ಯುಜಿಎಸ್-84 ಎಂಬ ಬೇರೆ ಅಳತೆಯ ಮೇಲೆ. ಪರಿವರ್ತಿಸದೆ ನೇರವಾಗಿ ಹಾಕಿದರೆ ನಮ್ಮ ಕಡೆ ಚುಕ್ಕೆ ನೂರು ಮೀಟರಿಗಿಂತಲೂ ಹೆಚ್ಚು ಸರಿಯಬಹುದು. ಆ ಇಲಾಖೆಯ ಹೊಸ ಓಪನ್ ಸೀರೀಸ್ ಮ್ಯಾಪ್‌ಗಳಲ್ಲಿ ಈ ತೊಂದರೆ ಇಲ್ಲ. ಅವನ್ನೂ ಓಎಸ್‌ಎಂ ಎಂದೇ ಕರೆಯುತ್ತಾರೆ, ಓಪನ್‌ಸ್ಟ್ರೀಟ್‌ಮ್ಯಾಪ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ.

ಚುಕ್ಕೆಯ ಜೊತೆ ಏನು ಬರೆಯಬೇಕು

ದಾಖಲಿಸುವವರು ಜಾಲತಾಣದ ಬೇಸ್ ಮ್ಯಾಪ್ ಬದಲಾಯಿಸಲಾರರು. ಆದರೆ ತಮ್ಮ ದಾಖಲೆ ಯಾವ ನಕ್ಷೆಗೂ ಜೋತುಬೀಳದ ಹಾಗೆ ಬರೆಯಬಲ್ಲರು. ಚುಕ್ಕೆಯ ಸುತ್ತ ಎಷ್ಟು ಮೀಟರ್ ಅನುಮಾನ ಇದೆ ಎಂದು ತೋರಿಸುವ ವೃತ್ತವನ್ನು ಐನ್ಯಾಚುರಲಿಸ್ಟ್‌ನಲ್ಲಿ ಹಿಗ್ಗಿಸಬಹುದು, ಕುಗ್ಗಿಸಬಹುದು. ನೆನಪಿನಿಂದ ಇಟ್ಟ ಪಿನ್‌ಗೆ 300 ಮೀಟರ್ ವೃತ್ತ ಹಾಕಿದರೆ ಅದು ಪ್ರಾಮಾಣಿಕ ದಾಖಲೆ. ಸಂಶೋಧಕರು ತಮಗೆ ಬೇಕಾದಷ್ಟು ನಿಖರವಾದದ್ದನ್ನು ಆರಿಸಿಕೊಳ್ಳುತ್ತಾರೆ. ವೃತ್ತವೇ ಇಲ್ಲದ ಚುಕ್ಕೆಯನ್ನು ನಂಬಬೇಕೋ ಬಿಡಬೇಕೋ ಅವರಿಗೆ ತಿಳಿಯದು.

ಇದರ ಜೊತೆಗೆ ಜಾಗವನ್ನು ಮಾತಿನಲ್ಲೂ ಬರೆಯಬೇಕು. "ಕೆರೆಯ ತೂಬಿನ ಹತ್ತಿರ, ಏರಿಯ ಕೆಳಗಿನ ಗದ್ದೆ" ಎಂದು ಬರೆದಿದ್ದರೆ, ಚುಕ್ಕೆ ತಪ್ಪಿದ್ದರೂ ಮುಂದೆ ಯಾರಾದರೂ ತಿದ್ದಬಹುದು.

ಹೆಸರುಗಳ ಪ್ರಶ್ನೆ

ಕಾನು, ಜಡ್ಡಿ, ಹಾಡಿ, ಬಾಣೆ, ಗೋಮಾಳ, ಕಟ್ಟೆ. ನಮ್ಮ ಜಾಗದ ಹೆಸರುಗಳಲ್ಲೇ ಅಲ್ಲಿ ಎಂಥ ನೆಲ, ಎಂಥ ನೀರು ಇತ್ತು ಎನ್ನುವ ಸುಳಿವು ಇದೆ. 2021ರಲ್ಲಿ ಗೂಗಲ್ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಿಗೆ ಸ್ಥಳದ ಹೆಸರುಗಳನ್ನು ಯಂತ್ರದಿಂದ ಲಿಪಿ ಬದಲಾಯಿಸಿ ತೋರಿಸಲು ಶುರು ಮಾಡಿತು. ಇಂಗ್ಲಿಷ್ ಅಕ್ಷರಗಳಿಂದ ಬಂದ ಹೆಸರಲ್ಲಿ ಲ-ಳ, ನ-ಣ, ದೀರ್ಘ-ಹ್ರಸ್ವ ಕಲಸಿಹೋಗುವುದು ಸಹಜ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ಜಾಗಕ್ಕೂ ಕನ್ನಡ ಹೆಸರಿಗೆಂದೇ ಬೇರೆ ಕಂಡಿ ಇದೆ. ಊರಿನವರೇ ಅಲ್ಲಿ ಸರಿಯಾದ ಹೆಸರು ತುಂಬಬಹುದು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಿಂದ ಭಾರತೀಯರು ನಕ್ಷೆ ಮಾಹಿತಿ ಸಂಗ್ರಹಿಸಲು, ಪ್ರಕಟಿಸಲು ಮೊದಲೇ ಅನುಮತಿ ಕೇಳಬೇಕಾದ ಕಟ್ಟುಪಾಡೂ ಹೆಚ್ಚಿನ ಮಟ್ಟಿಗೆ ಹೋಗಿದೆ.

ಆದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸಾಮಾನ್ಯ ಚಿತ್ರ ತೋರಿಸುವುದು ಮುಖ್ಯ ಹೆಸರನ್ನು ಮಾತ್ರ. ನಮ್ಮ ಕಡೆ ಅದು ಹೆಚ್ಚಾಗಿ ಇಂಗ್ಲಿಷ್‌ನಲ್ಲಿರುತ್ತದೆ. ತುಂಬಿದ ಕನ್ನಡ ಹೆಸರುಗಳು ಕಾಣದೆ ಒಳಗೇ ಉಳಿಯುತ್ತವೆ. ಅವನ್ನು ಮೇಲೆ ತರಲು ಕನ್ನಡ ಹೆಸರಿನ, ಭಾರತದ ಗಡಿಯ, ಹಳ್ಳ ಮತ್ತು ಎತ್ತರದ ಗೆರೆಗಳಿರುವ ಒಂದು ಬೇಸ್ ಮ್ಯಾಪ್ ಬೇಕು. ಇದಕ್ಕೆ ಓಲಾದಂಥ ದೊಡ್ಡ ಕಂಪನಿಯ ಬಂಡವಾಳ ಬೇಕಿಲ್ಲ. ಪ್ರೋಟೋಮ್ಯಾಪ್ಸ್ ಎಂಬ ಮುಕ್ತ ವಿಧಾನದಲ್ಲಿ ಒಂದು ಪ್ರದೇಶದ ಎಲ್ಲ ಟೈಲ್‌ಗಳನ್ನು ಒಂದೇ ಕಡತದಲ್ಲಿ ಕಟ್ಟಿ, ಸಾಧಾರಣ ಜಾಲತಾಣದ ಜಾಗದಲ್ಲೇ ಇಡಬಹುದು. ಇಡೀ ಕರ್ನಾಟಕದ ಕಡತ ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಯುತ್ತದೆ. ಕಾಲೇಜೊಂದರ ಕಂಪ್ಯೂಟರ್ ವಿಭಾಗ ಮತ್ತು ಅದೇ ಊರಿನ ಹಕ್ಕಿ ನೋಡುವವರ ಗುಂಪು ಸೇರಿದರೆ ಇದನ್ನು ತಯಾರಿಸಲು ಸಾಕು.